ಇಡೀ ದೇಶ ಒಂದೇ ಕ್ಷೇತ್ರ: ಸ್ವೀಡನ್ ಮತ ಎಣಿಕೆಯಲ್ಲಿ ನನ್ನ ಹಾಳೆ ಗೆದ್ದ ಬಗೆ

2022ರ ಸ್ವೀಡನ್ ಚುನಾವಣೆಯಲ್ಲಿ ಕೊನೆಯ ಸೀಟು ಎಡ ಬಣದ ಸೋಶಿಯಲ್ ಡೆಮೋಕ್ರಾಟರ ಕೈಯಿಂದ ಜಾರಿ ಬಲ ಬಣದ ಮೊಡೆರಾಟರಿಗೆ ಹೋಗುತ್ತದೆ ಅಂತ ನಾನು ಅದು ಎಣಿಕೆಯಲ್ಲಿ ಕಾಣುವ ಎರಡು ದಿನ ಮೊದಲೇ ಹೇಳಿದ್ದೆ. ಯಾರೂ ನಂಬಲಿಲ್ಲ. ಆಫೀಸಿನ ಸ್ವೀಡಿಶ್ ಸಹೋದ್ಯೋಗಿಗಳು ಭುಜ ಕುಣಿಸಿ ಸುಮ್ಮನಾದರು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗಂತೂ ಅವತ್ತು ಹಬ್ಬ. ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ: "ಏನಲೇ, ಎಕ್ಸೆಲ್ ಮ್ಯಾಲೆ ಸರ್ಕಾರ ಮಾಡಾಕ ಹೊಂಟಿ ಏನ? ಟೀವ್ಯಾಗ ಹೇಳ್ಯಾರ, ಮುಗೀತು ಬಿಡು." ಬುಧವಾರ ಸಂಜೆ ನನ್ನ ಎಕ್ಸೆಲ್ ಹಾಳೆಯಲ್ಲಿದ್ದ ಅಂಕಿಯೇ ಟೀವಿಗೂ ಬಂತು. ಅವತ್ತಿನಿಂದ "ಹೆಂಗೆ ಮಾಡಿದ್ರಿ, ಹಾಳೆ ಕಳಿಸಿ" ಅಂತ ಕೇಳುವವರು ಹೆಚ್ಚಾಗಿದ್ದಾರೆ. ಹಾಳೆ ಕಳಿಸುವುದಿಲ್ಲ. ಮಾಡಿದ ಬಗೆ ಹೇಳುತ್ತೇನೆ, ಒಂದೆರಡು ಕಡೆ ಮಾತ್ರ ಬಾಯಿಗೆ ಬೀಗ.

ಎಂಟು ಪಕ್ಷಗಳ ಹೆಸರು, ಎಕ್ಸೆಲ್‌ನ ಸಾಮಾನ್ಯ ಫಾರ್ಮುಲಾಗಳು ಗೊತ್ತಿವೆ ಅಂದುಕೊಂಡೇ ಬರೆಯುತ್ತೇನೆ. ಹೊಸಬರಿಗೆ ಇಷ್ಟು ಸಾಕು: ರೀಕ್ಸ್‌ಡಾಗ್‌ನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, 349 ಸೀಟು. ಅದರಲ್ಲಿ 310 ಸೀಟುಗಳನ್ನು 29 ಕ್ಷೇತ್ರಗಳಿಗೆ ಮೊದಲೇ ಹಂಚಿರುತ್ತಾರೆ, ಉಳಿದ 39 ಪಕ್ಷಗಳ ಸೀಟನ್ನು ದೇಶದ ಮತದ ಪಾಲಿಗೆ ಸರಿದೂಗಿಸುವುದಕ್ಕೆ. ದೇಶದಲ್ಲಿ 4 ಪರ್ಸೆಂಟ್ ದಾಟದ ಪಕ್ಷಕ್ಕೆ ಪಾಲಿಲ್ಲ. ಒಂದು ಕ್ಷೇತ್ರದಲ್ಲಿ 12 ಪರ್ಸೆಂಟ್ ತೆಗೆದರೆ ಆ ಕ್ಷೇತ್ರದ ಮಟ್ಟಿಗೆ ಮಾತ್ರ ಪಾಲು. ಪ್ರತಿ ಪಕ್ಷದ ಮತವನ್ನು, ಅದಕ್ಕೆ ಒಂದೊಂದು ಸೀಟು ಸಿಕ್ಕ ಹಾಗೆ, 1.2, 3, 5, 7, 9 ಅಂತ ಭಾಗಿಸುತ್ತಾ ಹೋಗಬೇಕು. ಬಂದ ಸಂಖ್ಯೆಗೆ ಹೋಲಿಕೆ ಸಂಖ್ಯೆ ಅಂತಾರೆ. ಯಾರದ್ದು ದೊಡ್ಡದೋ ಅವರಿಗೆ ಮುಂದಿನ ಸೀಟು.

ಮೊದಲು ಮತಗಟ್ಟೆಯ ವಿಷಯ. ಅಲ್ಲಿ ಕೂತು ಕೈಯಾರೆ ಎಣಿಸದೇ ಹೋಗಿದ್ದರೆ ತಡವಾಗಿ ಬಂದು ಬುಧವಾರ ಎಣಿಕೆಯಾಗುವ ಮತಗಳ ಕಂತೆಯ ಗುಟ್ಟು ನನಗೆ ಹೊಳೆಯುತ್ತಲೇ ಇರಲಿಲ್ಲ.

ನನ್ನದು ಇಂಡಿಯಾ ಪಾಸ್‌ಪೋರ್ಟ್. ಮೂರು ವರ್ಷದ ಮೇಲೆ ಇಲ್ಲೇ ನೋಂದಾಯಿಸಿಕೊಂಡು ಇರುವುದರಿಂದ ಕಮ್ಯೂನ್ (ನಮ್ಮ ಪುರಸಭೆಯಂಥದ್ದು) ಮತ್ತು ರೀಜನ್ (ಪ್ರಾಂತ್ಯ) ಚುನಾವಣೆಗೆ ಮತ ಹಾಕಬಹುದು, ಅಂದರೆ ಬಿಳಿ ಚೀಟಿ, ನೀಲಿ ಚೀಟಿ. ಹಳದಿ ಚೀಟಿ ರೀಕ್ಸ್‌ಡಾಗ್‌ದು, ಅದು ನಾಗರಿಕರಿಗೆ ಮಾತ್ರ. ಆದರೆ ಮತಗಟ್ಟೆಯಲ್ಲಿ ಕೆಲಸ ಮಾಡಲು, ಹಳದಿ ಚೀಟಿ ಎಣಿಸಲು ಪಾಸ್‌ಪೋರ್ಟ್ ಅಡ್ಡ ಬರುವುದಿಲ್ಲ. ಸ್ವೀಡಿಶ್ ಬರಬೇಕು, ಕಮ್ಯೂನಿನವರ ತರಬೇತಿಗೆ ಕೂತಿರಬೇಕು, ಅಷ್ಟೇ. ಹಾಕಲಾಗದ ಚೀಟಿಯನ್ನು ರಾತ್ರಿಯೆಲ್ಲ ಎಣಿಸುವ ಯೋಗ.

ಲಿನ್‌ಶೋಪಿಂಗ್‌ನ ಒಂದು ಶಾಲೆಯ ಜಿಮ್ ಹಾಲ್ ನಮ್ಮ ಮತಗಟ್ಟೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮತದಾನ. ಬಾಗಿಲು ಮುಚ್ಚಿದ ತಕ್ಷಣ ಎಣಿಕೆ ಶುರು, ಮಧ್ಯೆ ನಿಲ್ಲಿಸುವಂತಿಲ್ಲ, ಯಾರು ಬೇಕಾದರೂ ಬಂದು ನಿಂತು ನೋಡಬಹುದು. ಕೊಡುವ ದುಡ್ಡು ತೆರಿಗೆಗೆ ಮುಂಚೆ ಎರಡೂವರೆ ಸಾವಿರ ಕ್ರೋನರ್ ಆಸುಪಾಸು ಅಂತ ನೆನಪು, ಕಮ್ಯೂನಿನಿಂದ ಕಮ್ಯೂನಿಗೆ ಬೇರೆ. ಬೆಳಿಗ್ಗೆ ಏಳಕ್ಕೆ ಹೋದವನು ನಡುರಾತ್ರಿ ದಾಟಿ ಮನೆ ಸೇರಿದೆ. ಗಂಟೆಗೆ ಭಾಗಿಸಿ ನೋಡಿದರೆ ಪಿಜ್ಜಾ ಅಂಗಡಿಯ ಹುಡುಗನಿಗೂ ಹೆಚ್ಚು ಸಿಗುತ್ತದೆ. ದುಡ್ಡಿಗಾಗಿ ಯಾರೂ ಹೋಗಬೇಡಿ. ಕಾಫಿ, ಬುಲ್ಲೆ (ಸಿಹಿ ಬನ್ನು) ಮಾತ್ರ ಧಾರಾಳ.

ಇಲ್ಲಿ ಮತಯಂತ್ರ ಇಲ್ಲ. ಪ್ರತಿ ಪಕ್ಷಕ್ಕೂ ಪ್ರತ್ಯೇಕ ಕಾಗದದ ಚೀಟಿ. ಬೇಕಾದ್ದನ್ನು ತೆಗೆದು ಕವರಿಗೆ ಹಾಕಿ ಕೊಡುತ್ತಾರೆ. ಸಂಜೆ ಪೆಟ್ಟಿಗೆ ತೆರೆದಾಗ ಮೊದಲ ಕೆಲಸ ಕವರುಗಳ ಎಣಿಕೆ. ಮತದಾರರ ಪಟ್ಟಿಯಲ್ಲಿ ಗುರುತು ಹಾಕಿದವರೆಷ್ಟೋ ಕವರು ಅಷ್ಟೇ ಇರಬೇಕು. ತಾಳೆಯಾದ ಮೇಲೆ ಕವರು ತೆರೆದು ಪಕ್ಷವಾರು ಕಂತೆ. ಮೊದಲು ರೀಕ್ಸ್‌ಡಾಗ್, ಆಮೇಲೆ ಉಳಿದವು. ಅಂಕಿಯನ್ನು ಫೋನಿನಲ್ಲಿ ಒಪ್ಪಿಸಿ, ಚೀಟಿಗಳನ್ನು ಚೀಲಕ್ಕೆ ತುಂಬಿ ಸೀಲ್ ಮಾಡಿದರೆ ನಮ್ಮ ಪಾಲಿನದು ಮುಗಿಯಿತು. ಇದು ಪ್ರಾಥಮಿಕ ಎಣಿಕೆ ಮಾತ್ರ. ಸೋಮವಾರದಿಂದ ಲೆನ್ಸ್‌ಸ್ಟೀರೆಲ್ಸೆಯವರು, ಅಂದರೆ ಜಿಲ್ಲಾಡಳಿತದವರು, ಪ್ರತಿ ಚೀಟಿಯನ್ನೂ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಅಭ್ಯರ್ಥಿಯ ಹೆಸರಿನ ಮುಂದೆ ಹಾಕಿದ ಗುರುತುಗಳ ಲೆಕ್ಕವೂ ಅಲ್ಲೇ. ಕ್ಷೇತ್ರದಲ್ಲಿ ಪಕ್ಷಕ್ಕೆ ಬಿದ್ದ ಮತದ 5 ಪರ್ಸೆಂಟಿನಷ್ಟು ಗುರುತು ಸಿಕ್ಕಿದವರು ಪಟ್ಟಿಯಲ್ಲಿ ಮೇಲಕ್ಕೆ ಜಿಗಿಯುತ್ತಾರೆ.

ಎಣಿಕೆಯ ವಿಧಾನದಲ್ಲೂ ನನ್ನದೊಂದು ಪ್ರಯೋಗವಿತ್ತು. ನಮ್ಮ ಮಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಅವರಿಂದ ಕಲಿತ ನೋಟು ಎಣಿಸುವ ಕೈಚಳಕ ನನಗಿದೆ. ಸ್ಪಂಜಿನ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ನಮ್ಮ ಮತಗಟ್ಟೆಯ ಮುಖ್ಯಸ್ಥೆ, ನಿವೃತ್ತ ಟೀಚರಮ್ಮ, ಅದನ್ನು ನೋಡಿದವರೇ ಎತ್ತಿ ಕಿಟಕಿಯ ಮೇಲಿಟ್ಟರು. ಚೀಟಿ ಒದ್ದೆಯಾಗಬಾರದು, ಕಲೆಯಾಗಬಾರದು, ನ್ಯಾಯವಾದ ಮಾತು. ಬೇಕೆಂದೇ ಗುರುತು ಮಾಡಿದ ಚೀಟಿ ಅಂತ ಯಾರಿಗಾದರೂ ಅನುಮಾನ ಬಂದರೆ ಅದು ಅಸಿಂಧುವಾಗುವ ಕಂತೆಗೆ ಹೋಗಬಹುದು. ಮುಂದಿನ ಸಲ ಹೆಬ್ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿ ತಂದೆ, ಕಮ್ಯೂನ್ ಕಚೇರಿ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಮೂವತ್ತು ಕ್ರೋನರ್. ಹತ್ತು ಉದ್ದಕ್ಕೆ, ಹತ್ತು ಅಡ್ಡಕ್ಕೆ ಜೋಡಿಸುತ್ತಾ ನೂರರ ಕಂತೆ. ಪಕ್ಕದ ಮೇಜಿನವರು ಎರಡನೇ ಸುತ್ತಿಗೆ ಎಣಿಸುವಾಗ ಒಂದೂ ಹೆಚ್ಚು ಕಡಿಮೆ ಬರಲಿಲ್ಲ. ಟೀಚರಮ್ಮ ಆಮೇಲೆ ಎಲ್ಲರಿಗೂ ಹಾಗೇ ಜೋಡಿಸಲು ಹೇಳಿದರು. ಇದನ್ನು ಬರೆಯದೇ ಇರಲು ನನ್ನಿಂದಾಗಲಿಲ್ಲ.

ತಮಾಷೆಯ ಚೀಟಿಗಳ ವಿಷಯವೂ ಒಂದಿಷ್ಟು. ಖಾಲಿ ಕಾಗದದ ಮೇಲೆ ಪಕ್ಷದ ಹೆಸರನ್ನು ಕೈಯಲ್ಲಿ ಬರೆದು ಹಾಕಬಹುದು, ಆ ಪಕ್ಷ ನೋಂದಾಯಿಸಿಕೊಂಡಿದ್ದರೆ ಮತ ಸಿಂಧು. 'ಕಾಲೆ ಆಂಕಾ', ಅಂದರೆ ಡೊನಾಲ್ಡ್ ಡಕ್, ಪಕ್ಷಕ್ಕೆ ಬರೆದರೆ ಅಸಿಂಧು. ಒಂದೇ ಕವರಿನಲ್ಲಿ ಒಂದೇ ಪಕ್ಷದ ಎರಡು ಚೀಟಿ ಇದ್ದರೆ ಒಂದು ಮತ. ಬೇರೆ ಬೇರೆ ಪಕ್ಷದ್ದಾದರೆ ಎರಡೂ ಹೋಯಿತು. ಅನುಮಾನದ ಚೀಟಿಗಳನ್ನು ನಾವು ತೀರ್ಮಾನ ಮಾಡುವುದಿಲ್ಲ, ಬೇರೆ ಕವರಿನಲ್ಲಿಟ್ಟು ಮೇಲಕ್ಕೆ ಕಳಿಸುತ್ತೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಂಗಡ ಮತದಾನ ಇಲ್ಲಿ 18 ದಿನ ಮೊದಲೇ ಶುರುವಾಗುತ್ತದೆ, ಲೈಬ್ರರಿಗಳಲ್ಲಿ, ಶಾಪಿಂಗ್ ಸೆಂಟರುಗಳಲ್ಲಿ. ದೇಶದ ಯಾವ ಮೂಲೆಯಲ್ಲಿ ಹಾಕಿದರೂ ಆ ಕವರು ಅವರವರ ಮತಗಟ್ಟೆಗೆ ಬಂದು ಸೇರಬೇಕು. ಭಾನುವಾರ ಮತದಾನ ಮುಗಿದ ಮೇಲೆ ಅವುಗಳನ್ನು ಪಟ್ಟಿಯೊಡನೆ ತಾಳೆ ನೋಡಿ ಪೆಟ್ಟಿಗೆಗೆ ಹಾಕುತ್ತೇವೆ. ಮುಂಗಡ ಹಾಕಿದವರು ಮನಸ್ಸು ಬದಲಾಯಿಸಿ ಭಾನುವಾರ ಖುದ್ದು ಬಂದು ಹಾಕಿದರೆ ಹಳೆಯ ಕವರು ರದ್ದು. ಸರಿ, ಆದರೆ ಭಾನುವಾರದ ಹೊತ್ತಿಗೆ ಬಂದು ಸೇರದ ಕವರುಗಳು? ಬೇರೆ ಊರಿನಲ್ಲಿ ಕೊನೆಯ ಗಳಿಗೆಯಲ್ಲಿ ಹಾಕಿದವು, ರಾಯಭಾರ ಕಚೇರಿಗಳಿಂದ, ಅಂಚೆಯಲ್ಲಿ ಹೊರದೇಶದಿಂದ ತಡವಾಗಿ ಬಂದವು? ಅವನ್ನೆಲ್ಲ ಕಮ್ಯೂನಿನ ಚುನಾವಣಾ ಸಮಿತಿ ಬುಧವಾರ ಎಣಿಸುತ್ತದೆ.

ಟೀವಿಯವರು ಭಾನುವಾರ ರಾತ್ರಿ "95 ಪರ್ಸೆಂಟ್ ಎಣಿಕೆ ಮುಗಿದಿದೆ" ಅಂತ ತೋರಿಸುತ್ತಾ ಇರುತ್ತಾರೆ. ಬಹಳ ಜನ ಇನ್ನು 5 ಪರ್ಸೆಂಟ್ ಮತ ಬಾಕಿ, ಯಾವುದೋ ನಿಧಾನದ ಊರುಗಳದ್ದಿರಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ, ಆ ಪರ್ಸೆಂಟ್ ಮತಗಳದ್ದಲ್ಲ, ಎಣಿಕೆ ಘಟಕಗಳದ್ದು. 2022ರಲ್ಲಿ ಲೆಕ್ಕಕ್ಕಿದ್ದ ಘಟಕಗಳು ಸುಮಾರು ಆರೂವರೆ ಸಾವಿರ. ಅದರಲ್ಲಿ ಮುನ್ನೂರರಷ್ಟು ಘಟಕಗಳಿಗೆ ಕೋಣೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. 290 ಕಮ್ಯೂನುಗಳ ಬುಧವಾರದ ಮತಗಳನ್ನು ಹಾಕುವುದಕ್ಕೆ ಮಾಡಿಕೊಂಡ ಲೆಕ್ಕದ ಖಾನೆಗಳು ಅವು. ಅಂದರೆ ಭಾನುವಾರ ರಾತ್ರಿಯೇ ನಿಜವಾದ ಮತಗಟ್ಟೆಗಳೆಲ್ಲ ಮುಗಿದಿದ್ದವು. ಬಾಕಿ ಇದ್ದದ್ದು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ, ಒಟ್ಟು ಮತದ 3 ಪರ್ಸೆಂಟ್ ಆಜುಬಾಜು. ಅಷ್ಟೂ ಒಂದೇ ಬಗೆಯ ಮತ: ಓಡಾಡುವವರದ್ದು, ಹೊರದೇಶದಲ್ಲಿರುವವರದ್ದು. ಹೊರದೇಶದ ಮತ ಮೊಡೆರಾಟರ ಕಡೆ ವಾಲುತ್ತದೆ ಅನ್ನುವುದು ಇಲ್ಲಿ ಹಳೆಯ ಮಾತು. ಎಷ್ಟು ವಾಲುತ್ತದೆ ಅನ್ನುವುದನ್ನು ಅಂಕಿಯಲ್ಲಿ ಹಿಡಿಯುವುದೇ ನನ್ನ ಕೆಲಸವಾಯಿತು.

ಅಲ್ಲಿಗೆ ಬರುವ ಮುಂಚೆ ಎರಡು ಚುನಾವಣೆ ಕೈಕೊಟ್ಟಿದ್ದವು.

2014ರಲ್ಲಿ ನಾನು ಮಾಡಿದ್ದು ಮುಗ್ಧ ಲೆಕ್ಕ. 4 ಪರ್ಸೆಂಟ್ ದಾಟಿದ ಪಕ್ಷಗಳನ್ನಿಟ್ಟುಕೊಂಡು ದೇಶದ ಮತವನ್ನು 349ಕ್ಕೆ ಹಂಚಿದೆ. ಸ್ವೀಡನ್ ಡೆಮೋಕ್ರಾಟರಿಗೆ (ಇವರು ಸೋಶಿಯಲ್ ಡೆಮೋಕ್ರಾಟರಲ್ಲ, ವಲಸೆ ವಿರೋಧಿ ಬಲಪಂಥದವರು) 47, ಮೊಡೆರಾಟರಿಗೆ 85, ಲಿಬರಲ್ಲರಿಗೆ, ಆಗ ಅವರನ್ನು ಎಫ್‌ಪಿ ಅನ್ನುತ್ತಿದ್ದರು, 20 ಬಂತು. ನಿಜವಾಗಿ ಸಿಕ್ಕಿದ್ದು 49, 84, 19. ತಲೆ ಕೆರೆದುಕೊಂಡೆ. ಫಾರ್ಮುಲಾ ಸರಿಯಾಗಿಯೇ ಇತ್ತು, ಕಾನೂನೇ ಹಾಗಿತ್ತು. ಕ್ಷೇತ್ರಗಳ 310 ಸೀಟುಗಳಲ್ಲೇ ಒಂದು ಪಕ್ಷ ತನ್ನ ಪಾಲಿಗಿಂತ ಹೆಚ್ಚು ಗೆದ್ದುಬಿಟ್ಟರೆ ಆಗಿನ ನಿಯಮದಲ್ಲಿ ವಾಪಸು ಕೇಳುವಂತಿರಲಿಲ್ಲ, 39 ಸೀಟು ಸರಿದೂಗಿಸಲು ಸಾಲುತ್ತಿರಲಿಲ್ಲ. 2010ರಲ್ಲೂ ಸೋಶಿಯಲ್ ಡೆಮೋಕ್ರಾಟರಿಗೆ ಹೀಗೇ ಮೂರು ಹೆಚ್ಚಾಗಿತ್ತು. ಎರಡು ಸಲ ಹೀಗಾದ ಮೇಲೆ ಕಾನೂನು ತಿದ್ದಿದರು. 2018ರಿಂದ ಹೆಚ್ಚಾದ ಸೀಟನ್ನು ಹಿಂದಕ್ಕೆ ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಾರೆ. ಮೊದಲ ಭಾಜಕವೂ 1.4ರಿಂದ 1.2ಕ್ಕೆ ಇಳಿಯಿತು.

2018ಕ್ಕೆ ನಾನು ಇನ್ನೊಂದು ತುದಿಗೆ ಹೋದೆ. 29 ಕ್ಷೇತ್ರಕ್ಕೆ 29 ಟ್ಯಾಬ್, ಪ್ರತಿ ಟ್ಯಾಬಿನಲ್ಲಿ ಭಾಗಾಕಾರದ ಕೋಷ್ಟಕ, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಂತ, ಆಮೇಲೆ ಸರಿದೂಗಿಸುವ ಹಂತ. ಸಾಲದ್ದಕ್ಕೆ ಕ್ಲೌಡ್‌ನಲ್ಲಿ ಒಂದು ದೊಡ್ಡ ಮಷೀನ್ ಬಾಡಿಗೆಗೆ ತೆಗೆದುಕೊಂಡು ಹತ್ತಾರು ಸಾವಿರ ಸಿಮ್ಯುಲೇಶನ್ ಓಡಿಸಿದೆ. ರಾತ್ರಿ ಮಷೀನ್ ಆರಿಸದೇ ಮಲಗಿದ್ದರಿಂದ ಬಿಲ್ ಹತ್ತಿರ ಹತ್ತಿರ ಎರಡು ಸಾವಿರ ಕ್ರೋನರ್ ಬಂತು. ಮತಗಟ್ಟೆಯಲ್ಲಿ ದುಡಿದದ್ದು ಅಲ್ಲಿಗೆ ಅಲ್ಲಿಗೇ. "ಚುನಾವಣೆ ಅವರದ್ದು, ಬಿಲ್ ಯಾಕ್ರೀ ನಮ್ದು?" ಅಂತ ಮನೆಯವಳು ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಇಷ್ಟೆಲ್ಲ ಮಾಡಿಯೂ ಕೊನೆಯ ಫಲಿತಾಂಶಕ್ಕೂ ನನ್ನ ಹಾಳೆಗೂ ಒಂದೆರಡು ಪಕ್ಷಗಳಲ್ಲಿ ಒಂದೊಂದು ಸೀಟಿನ ವ್ಯತ್ಯಾಸ ಉಳಿಯಿತು. ಎಡ ಬಣ 144, ಆಗಿನ ಬಲ ಬಣ 143, ಎರಡಕ್ಕೂ ಸೇರದೆ ಮಧ್ಯದಲ್ಲಿ ಸ್ವೀಡನ್ ಡೆಮೋಕ್ರಾಟರು 62 ಅಂತ ನಿಂತ ಚುನಾವಣೆ ಅದು. ಒಂದು ಸೀಟು ತಪ್ಪಿದರೂ ಕಥೆಯೇ ಬದಲು. ಊಟದ ಮೇಜಿನಲ್ಲಿ ಬಾಜಿ ಕಟ್ಟಿದ್ದೆ, ಇಡೀ ತಂಡಕ್ಕೆ ಪ್ರಿನ್ಸೆಸ್ ಕೇಕ್ ಕೊಡಿಸಬೇಕಾಯಿತು. ನಾಲ್ಕುನೂರು ಕ್ರೋನರ್‌ಗೆ ಕಮ್ಮಿ ಇರಲಿಲ್ಲ.

ಆ ಸಲದ ಕಸದಲ್ಲೇ ಎರಡು ಕಾಳು ಸಿಕ್ಕಿದವು.

ಒಂದು: ಕಾನೂನು ತಿದ್ದಿದ ಮೇಲೆ ಪಕ್ಷಕ್ಕೆ ಒಟ್ಟು ಎಷ್ಟು ಸೀಟು ಅನ್ನುವುದಕ್ಕೆ 29 ಕ್ಷೇತ್ರಗಳ ಅಗತ್ಯವೇ ಇಲ್ಲ. ಹೆಚ್ಚಾದದ್ದನ್ನು ವಾಪಸು ತೆಗೆದುಕೊಂಡು ಕಮ್ಮಿಯಾದದ್ದನ್ನು ತುಂಬುವುದರಿಂದ ಕೊನೆಗೆ ಉಳಿಯುವುದು ಇಡೀ ದೇಶವನ್ನು ಒಂದೇ ಕ್ಷೇತ್ರ ಅಂದುಕೊಂಡು ಹಂಚಿದ ಲೆಕ್ಕವೇ. ಯಾವ ಊರಿನ ಯಾವ ಅಭ್ಯರ್ಥಿ ಗೆದ್ದ ಅನ್ನುವುದಕ್ಕೆ ಕ್ಷೇತ್ರ ಬೇಕು. ಸರ್ಕಾರ ಯಾರದ್ದು ಅನ್ನುವುದಕ್ಕೆ ಬೇಡ. ಅಂದರೆ 2014ರ ಮುಗ್ಧ ಲೆಕ್ಕವೇ ಈಗ ಸರಿಯಾದ ಲೆಕ್ಕ! 29 ಟ್ಯಾಬ್ ಅಳಿಸಿ ಹಾಕಿ ಒಂದೇ ಹಾಳೆಗೆ ಇಳಿಸಿದೆ. ಇದನ್ನೇ ಯಾರೂ ನಂಬಲಿಲ್ಲ. ಅಂಕಿಅಂಶದಲ್ಲೇ ಕೆಲಸ ಮಾಡುವ ಸಹೋದ್ಯೋಗಿಯೊಬ್ಬ "ಗೋತ್‌ಲ್ಯಾಂಡ್‌ಗೆ ಎರಡೇ ಖಾಯಂ ಸೀಟು, ಅದನ್ನೂ ಸ್ಟಾಕ್‌ಹೋಮನ್ನೂ ಒಂದೇ ಚೀಲಕ್ಕೆ ಹಾಕ್ತೀಯಾ?" ಅಂತ ಕೇಳಿದ. ಹಾಕಬಹುದು, ಹಾಕಿದೆ.

ಇನ್ನೊಂದು: ಎಲ್ಲ 349 ಸೀಟುಗಳನ್ನು ನೋಡುತ್ತಾ ಕೂರುವುದು ದಂಡ. ಬಸ್ ಸ್ಟಾಂಡಿನ ಕ್ಯೂನಲ್ಲಿ ಸೀಟು ಸಿಕ್ಕ ಕೊನೆಯವರು, ಸಿಗದ ಮೊದಲನೆಯವರು, ಇವರಿಬ್ಬರ ಮುಖ ನೋಡಿದರೆ ಸಾಕು. ಕೊನೆಯ ಐದು ಹೋಲಿಕೆ ಸಂಖ್ಯೆ, ಹೊರಗೆ ಉಳಿದ ಮೊದಲ ಐದು, ಅಷ್ಟೇ ನನ್ನ ಹಾಳೆಯ ಹಳದಿ ಬಣ್ಣದ ಭಾಗ. 1.2 ಮತ್ತು 1.4ರ ಬಗ್ಗೆ ವಾದ ಮಾಡುವವರಿಗೆ ಒಂದು ಮಾತು: ದೇಶದ ಹಂಚಿಕೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಅದು ಮೊದಲ ಸೀಟಿಗೆ ಮಾತ್ರ ತಗಲುವ ಭಾಜಕ, 4 ಪರ್ಸೆಂಟ್ ದಾಟಿದವರಿಗೆ ಹೇಗೂ ಹದಿನಾಲ್ಕರ ಹತ್ತಿರ ಸೀಟು ಬಂದೇ ಬರುತ್ತದೆ. ಅದರ ಆಟವೆಲ್ಲ ಕಮ್ಯೂನುಗಳಲ್ಲಿ. 31 ಸೀಟಿನ ಸಣ್ಣ ಕಮ್ಯೂನಿನಲ್ಲಿ 2 ಪರ್ಸೆಂಟ್ ತೆಗೆದ ಪಕ್ಷ ತಗೊಳ್ಳಿ. 2 ಭಾಗಿಸು 1.2 ಅಂದರೆ 1.67. ಅಲ್ಲಿ ಕೊನೆಯ ಸೀಟಿಗೆ ಬೇಕಾದ ಹೋಲಿಕೆ ಸಂಖ್ಯೆ ಸುಮಾರು 1.6. ಒಳಗೆ ಬಂತು. 1.4 ಆಗಿದ್ದರೆ 1.43, ಬಾಗಿಲ ಹೊರಗೆ.

2022ಕ್ಕೆ ಬಂದರೆ, ಚುನಾವಣಾ ಪ್ರಾಧಿಕಾರ ವಾಲ್‌ಮಿಂದಿಗ್‌ಹೇತೆನ್ ಫಲಿತಾಂಶದ ಕಡತಗಳನ್ನು ಎಲ್ಲರಿಗೂ ತೆರೆದಿಡುತ್ತದೆ, ಪುಣ್ಯಾತ್ಮರು. 2018ಕ್ಕೆ ಬರೆದಿದ್ದ ಕೋಡ್ ಹೊಸ ಕಡತಗಳಿಗೆ ಹೊಂದಲಿಲ್ಲ, ಎರಡು ವಾರಾಂತ್ಯ ಅದನ್ನು ರಿಪೇರಿ ಮಾಡುವುದರಲ್ಲೇ ಹೋಯಿತು. ಈ ಸಲ ಕ್ಲೌಡ್ ಇಲ್ಲ, ಆರು ವರ್ಷ ಹಳೆಯ ಲ್ಯಾಪ್‌ಟಾಪ್. ಖರ್ಚು ಸೊನ್ನೆ. ಪ್ರತಿ ಪಕ್ಷಕ್ಕೂ ಒಂದು ಗುಣಾಂಕ: 2018ರಲ್ಲಿ ಬುಧವಾರದ ಕಂತೆಯಲ್ಲಿ ಅದರ ಪಾಲು ಎಷ್ಟು, ಭಾನುವಾರದ ಪಾಲು ಎಷ್ಟು, ಒಂದನ್ನು ಇನ್ನೊಂದರಿಂದ ಭಾಗಿಸು. ಒಂದಕ್ಕಿಂತ ಮೇಲಿದ್ದರೆ ಬುಧವಾರ ಏರುವ ಪಕ್ಷ, ಕೆಳಗಿದ್ದರೆ ಇಳಿಯುವ ಪಕ್ಷ. ಮೊಡೆರಾಟರದ್ದು ಮೇಲೆ, ಸೋಶಿಯಲ್ ಡೆಮೋಕ್ರಾಟರದ್ದು ಕೆಳಗೆ. ನೇರವಾಗಿ ಹಾಗೇ ಗುಣಿಸಿದರೆ ಸ್ವೀಡನ್ ಡೆಮೋಕ್ರಾಟರ ಹತ್ತಿರ ಎಡವುತ್ತೀರಿ, ಅವರ ಮತದಾರರು ನಾಲ್ಕು ವರ್ಷದಲ್ಲಿ ಬದಲಾಗಿರುತ್ತಾರೆ. ಅದಕ್ಕೊಂದು ತಿದ್ದುಪಡಿ ಬೇಕು. ಅದು ಏನು, ಗುಣಾಂಕಗಳು ಎಷ್ಟು, ಹೇಳುವುದಿಲ್ಲ. ಕಡತಗಳು ಅಲ್ಲೇ ಇವೆ, ಒಂದು ಸಂಜೆ ಕೂತರೆ ನಿಮಗೂ ಸಿಗುತ್ತದೆ.

ಸೆಪ್ಟೆಂಬರ್ 11ರ ರಾತ್ರಿ ನಮ್ಮ ಹಾಲ್ ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆದಾಗ ಮತಗಟ್ಟೆಯಿಂದ ಹೊರಬರುವವರನ್ನು ಕೇಳಿ ಮಾಡಿದ ಟೀವಿ ಸಮೀಕ್ಷೆ ತಲೆಕೆಳಗಾಗಿತ್ತು. ಅದು ಎಡ ಬಣದ ಕಡೆ ವಾಲಿತ್ತು. ಎಣಿಕೆಯಲ್ಲಿ, ಈ ಸಲ ಸ್ವೀಡನ್ ಡೆಮೋಕ್ರಾಟರೂ ಸೇರಿದ ಬಲ ಬಣಕ್ಕೆ 175, ಎಡಕ್ಕೆ 174. ಸೋಶಿಯಲ್ ಡೆಮೋಕ್ರಾಟರು 108, ಮೊಡೆರಾಟರು 67. ನನ್ನ ಹಳದಿ ಭಾಗದಲ್ಲಿ ಒಳಗೆ ಕೂತ ಕೊನೆಯವರು ಸೋಶಿಯಲ್ ಡೆಮೋಕ್ರಾಟರ 108ನೆಯವರು, ಹೊರಗೆ ನಿಂತ ಮೊದಲನೆಯವರು ಮೊಡೆರಾಟರ 68ನೆಯವರು. ಗುಣಾಂಕ ಹಾಕಿ ಎರಡು ಲಕ್ಷ ಮತ ಸುರಿದೆ. ಇಬ್ಬರೂ ಜಾಗ ಬದಲಾಯಿಸಿದರು. ಬಾಕಿ ಮತ ಒಂದೂವರೆ ಲಕ್ಷಕ್ಕೆ ಇಳಿಸಿದೆ, ಎರಡೂವರೆಗೆ ಏರಿಸಿದೆ. ಆಗಲೂ ಅದೇ. ಸೋಮವಾರ ಬೆಳಿಗ್ಗೆ 176–173 ಅಂತ ದಪ್ಪಕ್ಷರದಲ್ಲಿ ಬರೆದು ಆಫೀಸಿನ ಕಾಫಿ ಮಷೀನಿಗೆ ಅಂಟಿಸಿದೆ. ಕೆಳಗೆ ಯಾರೋ ಪೆನ್ಸಿಲಿನಲ್ಲಿ ನಗುವ ಮುಖ ಬರೆದಿದ್ದರು.

ಬುಧವಾರ ಸಂಜೆಗೆ 176–173. ಅವತ್ತೇ ಪ್ರಧಾನಿ ಮಗ್ದಲೇನಾ ಆಂದರ್‌ಸನ್ ಸೋಲು ಒಪ್ಪಿಕೊಂಡು ರಾಜೀನಾಮೆ ಕೊಡುವುದಾಗಿ ಹೇಳಿದರು. ಅಕ್ಟೋಬರ್ 17ರಂದು ರೀಕ್ಸ್‌ಡಾಗ್ ಉಲ್ಫ್ ಕ್ರಿಸ್ಟೆರ್‌ಸನ್ ಅವರನ್ನು ಪ್ರಧಾನಿಯಾಗಿ ಆರಿಸಿದಾಗಲೂ ಮತ 176ಕ್ಕೆ 173. ಈ ಸಲ ಕೇಕ್ ನನಗೆ ಬಂತು, ಎರಡು ತುಂಡು ತಿಂದೆ.

ಅಧಿಕೃತ ಅಂಕಿ ಬಂದ ಮೇಲೆ ಕೂತು ಕೊನೆಯ ಸೀಟನ್ನು ಬಿಡಿಸಿ ನೋಡಿದೆ. ಬೇಕಾದವರು ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿ. ಮೊಡೆರಾಟರ ಮತ 12,37,428. 68ನೆಯ ಸೀಟಿನ ಭಾಜಕ 135. ಬರುವುದು 9,166. ಸೋಶಿಯಲ್ ಡೆಮೋಕ್ರಾಟರ ಮತ 19,64,474. 108ನೆಯ ಸೀಟಿಗೆ ಭಾಜಕ 215. ಬರುವುದು 9,137. ಅಂತರ 29. ಮತದಲ್ಲಿ ಹೇಳಿದರೆ ಸೋಶಿಯಲ್ ಡೆಮೋಕ್ರಾಟರಿಗೆ ಇನ್ನು ಆರು ಸಾವಿರದ ಇನ್ನೂರು ಚಿಲ್ಲರೆ ಮತ ಬಿದ್ದಿದ್ದರೆ ಸೀಟು ಅವರಲ್ಲೇ ಉಳಿಯುತ್ತಿತ್ತು, 175–174. ಒಟ್ಟು ಸಿಂಧು ಮತ 64 ಲಕ್ಷದ ಮೇಲೆ, ಮತದಾನ 84 ಪರ್ಸೆಂಟ್. ಅದರಲ್ಲಿ ಆರು ಸಾವಿರ ಅಂದರೆ ನಮ್ಮಂಥ ಐದಾರು ಮತಗಟ್ಟೆಗಳಷ್ಟು ಕಂತೆ. ಅಂದಹಾಗೆ ಎರಡು ಬಣಗಳ ನಡುವಿನ ಅಂತರವೂ ಬರೀ 46 ಸಾವಿರ.

ಇಂಥ ಕೂದಲೆಳೆ ಇಲ್ಲಿ ಹೊಸದಲ್ಲ. 1973ರಲ್ಲಿ ರೀಕ್ಸ್‌ಡಾಗ್‌ಗೆ 350 ಸೀಟಿದ್ದವು, ಬಣಗಳು 175–175 ಆಗಿ ಕೂತವು. ಎಷ್ಟೋ ಮಸೂದೆಗಳನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಅದಕ್ಕೇ 1976ರಿಂದ 349, ಬೆಸ ಸಂಖ್ಯೆ. ಮತ್ತೆ 1979ರಲ್ಲಿ 175–174. ಆ ರಾತ್ರಿಗಳ ಕಡತ ಸಿಕ್ಕಿದ್ದರೆ ನನ್ನ ಹಾಳೆಯಲ್ಲಿ ಓಡಿಸಿ ನೋಡುವ ಆಸೆಯಿದೆ.

ಹಾಳೆ ಕೈಯಲ್ಲಿದೆ ಅಂದಮೇಲೆ ಸುಮ್ಮನೆ ಕೂರಲಾಗುತ್ತದೆಯೇ? ಕರ್ನಾಟಕದ ಅಂಕಿಗಳನ್ನೂ ತುಂಬಿದೆ. 2018ರ ಮೇ ತಿಂಗಳಲ್ಲಿ ಮತದಾನವಾದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ 38 ಪರ್ಸೆಂಟ್, ಬಿಜೆಪಿಗೆ 36, ಜೆಡಿಎಸ್‌ಗೆ 18 ಚಿಲ್ಲರೆ. ಸಿಕ್ಕ ಸೀಟು ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಸ್ವೀಡನ್ ಭಾಗಾಕಾರಕ್ಕೆ ಹಾಕಿದರೆ ಕಾಂಗ್ರೆಸ್ 91, ಬಿಜೆಪಿ 87, ಜೆಡಿಎಸ್ 44. 2023ರಲ್ಲಿ ಕಾಂಗ್ರೆಸ್ ಸುಮಾರು 43 ಪರ್ಸೆಂಟ್‌ಗೆ 135 ಗೆದ್ದಿತು, ಬಿಜೆಪಿ 36ಕ್ಕೆ 66, ಜೆಡಿಎಸ್ 13ಕ್ಕೆ 19. ಹಾಳೆಯ ಪ್ರಕಾರ ಸುಮಾರು 104, 88, 32. ಯಾರಿಗೂ 113 ಇಲ್ಲ, ಎರಡು ಸಲವೂ ಕೀಲಿ ಜೆಡಿಎಸ್ ಕೈಗೆ. ಇದನ್ನು ಗುಂಪಿಗೆ ಹಾಕಿದ್ದೇ ತಡ ಮೂರು ದಿನ ಜಗಳ. ಹಾಸನದವರೊಬ್ಬರು "ಸ್ವೀಡನ್ನವರ ಲೆಕ್ಕವೇ ಸರಿ ಸಾರ್" ಅಂತ ಮೂರು ಸಲ ಬರೆದರು. ಪದ್ಧತಿ ಬೇರೆಯಾದರೆ ಜನ ಮತ ಹಾಕುವ ರೀತಿಯೂ ಬೇರೆಯಾಗುತ್ತದೆ, ಆದ್ದರಿಂದ ಇದು ಕಾಡುಹರಟೆಗೆ ಸರಿ, ವಾದಕ್ಕಲ್ಲ.

2024ರ ಜೂನ್ 9ರ ಯುರೋಪ್ ಚುನಾವಣೆಯಲ್ಲಿ ಕಂಪ್ಯೂಟರ್ ಮುಟ್ಟದೇ ಮಾಡಿದೆ. ಸ್ವೀಡನ್‌ಗೆ 21 ಸೀಟು, ಇಡೀ ದೇಶ ಕಾನೂನಿನಲ್ಲೇ ಒಂದು ಕ್ಷೇತ್ರ. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಭಾಗಿಸಿದೆ. ಕೊನೆಯ ಸೀಟು ಸೆಂಟರ್ ಪಕ್ಷದ ಎರಡನೆಯದು: 7.29 ಭಾಗಿಸು 3, ಅಂದರೆ 2.43. ಬಾಗಿಲಲ್ಲಿ ನಿಂತವರು ಸೋಶಿಯಲ್ ಡೆಮೋಕ್ರಾಟರ ಆರನೆಯವರು: 24.77 ಭಾಗಿಸು 11, ಅಂದರೆ 2.25. ಅಂತರ ಎಷ್ಟು ಅಗಲ ಅಂದರೆ ಬುಧವಾರದ ಕಂತೆಗೆ ಕಾಯುವ ಕೆಲಸವೇ ಇರಲಿಲ್ಲ. ಇಂಥ ಕಡೆ ಬಾಜಿ ಕಟ್ಟಬೇಡಿ, ಸ್ವಾರಸ್ಯ ಇರುವುದಿಲ್ಲ.

2026ರ ಸೆಪ್ಟೆಂಬರ್ 13ಕ್ಕೆಂದು ಗುಣಾಂಕಗಳನ್ನು 2022ರ ಅಂಕಿಗಳಿಂದ ಹೊಸದಾಗಿ ತೆಗೆದಿಟ್ಟಿದ್ದೇನೆ. ಆದರೆ ಈ ವಿಧಾನ ಕೈಕೊಡುವ ಜಾಗ ಒಂದಿದೆ, ನಕಲು ಮಾಡುವವರು ಗಮನಿಸಿ: 4 ಪರ್ಸೆಂಟಿನ ಗೆರೆ. 2022ರಲ್ಲಿ ಲಿಬರಲ್ಲರಿಗೆ ಬಿದ್ದದ್ದು 4.61, ಗೆರೆಗಿಂತ 39 ಸಾವಿರ ಮತ ಮೇಲೆ. ಉಳಿದ ಪಕ್ಷಗಳ ಮತ ಹಾಗೇ ಇಟ್ಟು ಲಿಬರಲ್ಲರನ್ನು ಮಾತ್ರ ಗೆರೆಯ ಕೆಳಗೆ ತಳ್ಳಿದರೆ ಅವರ 16 ಸೀಟು ಎಲ್ಲರಿಗೂ ಹರಡಿ ಎಡ ಬಣ 182, ಬಲ 167 ಆಗುತ್ತದೆ. ಅಂಥ ರಾತ್ರಿ ಕೊನೆಯ ಐದು ಹೋಲಿಕೆ ಸಂಖ್ಯೆ ನೋಡುತ್ತಾ ಕೂತವನು ಮೂರ್ಖ. ಒಂದು ಪಕ್ಷ ಭಾನುವಾರ 3.9ಕ್ಕೂ 4.1ಕ್ಕೂ ನಡುವೆ ಓಲಾಡುತ್ತಿದ್ದರೆ ನಾನು ಎರಡು ಟ್ಯಾಬ್ ತೆರೆಯುತ್ತೇನೆ, ಆ ಪಕ್ಷ ಇದ್ದರೆ ಒಂದು, ಇಲ್ಲದಿದ್ದರೆ ಒಂದು. ಬುಧವಾರದ ಗುಣಾಂಕವನ್ನು ಆ ಒಂದು ಪಕ್ಷಕ್ಕೆ ಮಾತ್ರ ಮೊದಲು ಹಾಕಿ ಗೆರೆ ದಾಟುತ್ತದೋ ಇಲ್ಲವೋ ನೋಡಿ, ಆಮೇಲೆ ಮಿಕ್ಕ ಲೆಕ್ಕ. ಆ ಎರಡನೇ ಟ್ಯಾಬನ್ನು ನಿಜವಾದ ಚುನಾವಣೆಯಲ್ಲಿ ಓಡಿಸುವ ಅವಕಾಶ ಇನ್ನೂ ಸಿಕ್ಕಿಲ್ಲ.